ಲೂಯಿಸ್‌ಬರ್ಗ್ ಕೋಟೆ: ಮತ್ತೆ ಕಟ್ಟಿದ ಊರೋ, ಹುಲ್ಲಲ್ಲಿ ಉಳಿದ ಕಲ್ಲುಗಳೋ?

ಕೆನಡಾದ ನೋವಾ ಸ್ಕೋಶಿಯಾದಲ್ಲಿ ಫ್ರೆಂಚರ ಲೂಯಿಸ್‌ಬರ್ಗ್ ಕೋಟೆಗೆ ಹೋದವರು ಹೆಚ್ಚಾಗಿ ಮತ್ತೆ ಕಟ್ಟಿದ ಊರನ್ನಷ್ಟೇ ನೋಡಿ ವಾಪಸ್ ಬರುತ್ತಾರೆ. ಅದರಾಚೆ ನಿಜವಾದ ಅವಶೇಷಗಳ ನಡುವೆ ಒಂದು ಕಾಲುದಾರಿಯಿದೆ. ಎರಡರಲ್ಲೂ ಓಡಾಡಿದ್ದೇನೆ. ನನ್ನ ಓಟು ಕಾಲುದಾರಿಗೆ.

ಹಾಗಂತ ಊರು ಬೋರು ಅಂತಲ್ಲ. 1713ರಲ್ಲಿ ಶುರುವಾದ ಈ ನೆಲೆಯನ್ನು ಬ್ರಿಟಿಷರು 1758ರಲ್ಲಿ ಗೆದ್ದು, 1760ರಲ್ಲಿ ಕೋಟೆಗೋಡೆಗಳನ್ನು ಮದ್ದಿಟ್ಟು ಉಡಾಯಿಸಿದರು. 1961ರಿಂದ ಕೆನಡಾ ಸರ್ಕಾರ ಸುಮಾರು ಕಾಲು ಭಾಗವನ್ನು ಮತ್ತೆ ಕಟ್ಟಿಸಿತು. ಬೇಸಿಗೆಯಲ್ಲಿ ಸೈನಿಕರ ವೇಷದವರು ಡ್ರಮ್ ಬಾರಿಸುತ್ತಾರೆ, ಬಂದೂಕು ಹಾರಿಸುತ್ತಾರೆ. ಬಡವರ ಊಟದ ಮನೆಯಲ್ಲಿ ಕುತ್ತಿಗೆಗೆ ದೊಡ್ಡ ಬಟ್ಟೆ ಕಟ್ಟಿಕೊಂಡು ಕೂತರೆ ಕೈಗೆ ಸಿಗುವುದು ಒಂದೇ ಒಂದು ದೊಡ್ಡ ಚಮಚ. ಚಾಕು ಇಲ್ಲ, ಫೋರ್ಕ್ ಇಲ್ಲ. ಬ್ರೆಡ್ಡನ್ನು ಸೂಪಿನಲ್ಲಿ ಅದ್ದಿ ತಿನ್ನಬೇಕು. ಕೈಯಲ್ಲಿ ಉಂಡು ಬೆಳೆದ ನಮಗೇನು ಕಷ್ಟ, ಅಲ್ವಾ? ಮಕ್ಕಳಿಗಂತೂ ಹಬ್ಬ. ಆದರೆ ಗೋಡೆಗಳೆಲ್ಲ ತೀರಾ ನೀಟು. ಯಾವ ಕಲ್ಲು ಹಳೆಯದು, ಯಾವುದು ಆಮೇಲಿನದು ಎಂದು ಗೊತ್ತೇ ಆಗುವುದಿಲ್ಲ.

ಕಾಲುದಾರಿಯಲ್ಲಿ ಆ ಗೊಂದಲವಿಲ್ಲ. ಮೊಣಕಾಲೆತ್ತರದ ಹುಲ್ಲು, ನಡುವೆ ಕಲ್ಲಿನ ಸಾಲು. ಅದು ಆಸ್ಪತ್ರೆಯ ಅಡಿಪಾಯ. ಇನ್ನೂ ಮುಂದೆ ರೋಶ್‌ಫೋರ್ ಪಾಯಿಂಟ್, ಹಳೆಯ ಸ್ಮಶಾನ. ಸಮುದ್ರ ಅಲ್ಲಿ ದಡವನ್ನು ಕೊರೆಯುತ್ತಲೇ ಇದೆ. ಗೋರಿಗಳು ನೀರುಪಾಲಾಗುವ ಮೊದಲೇ ಅಗೆದು ಮೂಳೆಗಳನ್ನು ಉಳಿಸಿಕೊಳ್ಳಲು ಪುರಾತತ್ವದವರು ಹೆಣಗುತ್ತಿದ್ದಾರೆ. ಇದೇ ಊರು 1745ರಲ್ಲೂ ಒಮ್ಮೆ ಫ್ರೆಂಚರ ಕೈತಪ್ಪಿತ್ತು. 1748ರ ಒಪ್ಪಂದದಲ್ಲಿ ಅವರು ಇದನ್ನು ವಾಪಸ್ ಪಡೆದು, ತಾವು ಹಿಡಿದಿದ್ದ ಮದ್ರಾಸನ್ನು ಬ್ರಿಟಿಷರಿಗೆ ಬಿಟ್ಟುಕೊಟ್ಟರು. ಮದ್ರಾಸಿಗೆ ಬದಲಾಗಿ ಈ ಚಳಿಯ ಮೂಲೆ! ಇಲ್ಲಿನ ಕಾಡ್ ಮೀನಿನ ವ್ಯಾಪಾರ ಅಷ್ಟು ದೊಡ್ಡದಾಗಿತ್ತು.

ಕಾಲುದಾರಿಯಲ್ಲಿ ತೊಂದರೆಯೂ ಇದೆ. ನೆರಳಿಲ್ಲ, ಗಾಳಿ ಜೋರು, ಮಂಜು ಕವಿದರೆ ಹತ್ತು ಹೆಜ್ಜೆ ಆಚೆ ಕಾಣುವುದಿಲ್ಲ. ಜುಲೈನಲ್ಲೂ ಜಾಕೆಟ್ ಬೇಕು. ಫಲಕ ಓದದೆ ನಡೆದರೆ ಸುಮ್ನೆ ಹುಲ್ಲುಗಾವಲು. ಅದಕ್ಕೇ ಮೊದಲು ಊರು ನೋಡಿ, ಮನೆಗಳ ಅಳತೆ ಕಣ್ಣಲ್ಲಿ ಇಟ್ಟುಕೊಂಡು ಇಲ್ಲಿಗೆ ಬನ್ನಿ.

ಟೈಮ್ ಉಳಿದರೆ ಬಂದರಿನ ಆಚೆ ದಡದ ಲೈಟ್‌ಹೌಸ್ ಕಡೆಗೂ ಹೋಗಿ. ಬಂದರಿನ ಬಾಯಲ್ಲಿದ್ದ ಫ್ರೆಂಚರ ದ್ವೀಪದ ಫಿರಂಗಿಗಳ ಬಾಯಿ ಮುಚ್ಚಿಸಲು ಎರಡು ಸಲವೂ ಶತ್ರುಗಳು ಗುಂಡು ಹಾರಿಸಿದ್ದು ಈ ದಡದಿಂದಲೇ. ಅಲ್ಲಿ ನಿಂತು ನೋಡಿದರೆ ದ್ವೀಪ ಎಷ್ಟು ಹತ್ತಿರ ಎನ್ನುವುದು ತಿಳಿಯುತ್ತದೆ.