ಸೆಂಟರ್ ಚಾನೆಲ್‌ಗೆ ಒಂದೇ ಸ್ಪೀಕರಾ, ಎರಡಾ?

ಸೆಂಟರ್ ಅಂದರೆ ಹೋಮ್ ಥಿಯೇಟರಿನಲ್ಲಿ ಮಾತು ಬರುವ ನಡುವಿನ ಚಾನೆಲ್. ನನ್ನ ಓಟು ಒಂದಕ್ಕೇ. ಎಡಬಲದಲ್ಲಿರುವ ಬುಕ್‌ಶೆಲ್ಫ್ (ಕಪಾಟಿನಲ್ಲಿ ಇಡುವಷ್ಟು ಚಿಕ್ಕ) ಸ್ಪೀಕರಿನದ್ದೇ ಮಾಡೆಲ್, ಟಿವಿಯ ಕೆಳಗೆ ನೆಟ್ಟಗೆ ನಿಲ್ಲಿಸಿದ್ದು.

ಉಡುಪಿಯ ಮಳೆಗಾಲ ಗೊತ್ತಲ್ವಾ. ಅಂಗಳದ ಶೀಟಿನ ಮೇಲೆ ಮಳೆ ಬೀಳಲು ಶುರುವಾದರೆ ನಮ್ಮ ಹಾಲ್‌ನಲ್ಲಿ ಡೈಲಾಗ್ ಕೇಳುವುದಿಲ್ಲ. ಸೆಂಟರ್‌ಗೆ ಬಲ ಬೇಕು ಅಂದಾಗ ಅಂಗಡಿಯವರು, ಗೆಳೆಯರು ಎಲ್ಲರೂ ಹೇಳಿದ್ದು ಒಂದೇ: "ಇನ್ನೊಂದು ಜೋಡಿಸಿ." ಬುಕ್‌ಶೆಲ್ಫ್ ಹೇಗೂ ಜೋಡಿಯಾಗಿಯೇ ಸಿಗುತ್ತದೆ. ಹಾಗಾಗಿ ಎಲ್ಲ ತರಹವೂ ಜೋಡಿಸಿ ಕೇಳಿದೆ.

ಪರೀಕ್ಷೆಗೆ ಹಾಕಿದ್ದು ತಾಳಮದ್ದಲೆ. ಅಲ್ಲಿ ವೇಷ ಇಲ್ಲ, ಕುಣಿತ ಇಲ್ಲ, ಕೂತು ಪಾತ್ರದ ಮಾತಾಡುವ ಅರ್ಥಧಾರಿಯ ಮಾತೇ ಮುಖ್ಯ. ಸ್ಟೀರಿಯೋ ರೆಕಾರ್ಡಿಂಗ್ ಆದರೂ ರಿಸೀವರ್‌ನಲ್ಲಿ (ಸ್ಪೀಕರ್‌ಗಳನ್ನೆಲ್ಲ ನಡೆಸುವ ಆಂಪ್ಲಿಫೈಯರ್ ಪೆಟ್ಟಿಗೆ) ಡಾಲ್ಬಿ ಸರೌಂಡ್ ಆನ್ ಮಾಡಿದರೆ, ಎರಡೂ ಕಡೆ ಸಮವಾಗಿರುವ ಮಾತು ಸೆಂಟರ್‌ಗೆ ಬರುತ್ತದೆ.

ಟಿವಿ ಸ್ಟ್ಯಾಂಡಿನ ಮೇಲೆ ಎರಡನ್ನೂ 60 ಸೆಂಟಿಮೀಟರ್ ಅಂತರದಲ್ಲಿಟ್ಟು, ಪ್ಯಾರಲಲ್ ಆಗಿ, ಅಂದರೆ ಎರಡಕ್ಕೂ ರಿಸೀವರಿನಿಂದ ನೇರವಾಗಿ, ವೈರ್ ಕೊಟ್ಟೆ. ಸೋಫಾದ ನಡುವೆ ಕೂತರೆ ಭರ್ಜರಿ. ಸದ್ದು ಹತ್ತಿರ ಹತ್ತಿರ 6 ಡೆಸಿಬೆಲ್ ಏರುತ್ತದೆ, ಮಾತು ಎದೆಗೆ ತಾಗುತ್ತದೆ.

ಪಕ್ಕಕ್ಕೆ ಸರಿದು ಕೂತಾಗ ತೊಂದರೆ ಶುರು. ಸೋಫಾದ ತುದಿಯಲ್ಲಿ ಅದೇ ಅರ್ಥಧಾರಿ ಕೊಡಪಾನದೊಳಗಿಂದ ಮಾತಾಡಿದ ಹಾಗೆ ಕೇಳುತ್ತಾನೆ. ತಲೆ ಒಂದು ಗೇಣು ಆಚೀಚೆ ಆದರೆ ದನಿಯ ಬಣ್ಣವೇ ಬೇರೆ. ಕಾರಣ ಸರಳ. ಮೂರು ಮೀಟರ್ ದೂರದಲ್ಲಿ, ನಡುವಿನಿಂದ 80 ಸೆಂಟಿಮೀಟರ್ ಪಕ್ಕಕ್ಕೆ ಕೂತವರಿಗೆ ಒಂದು ಸ್ಪೀಕರ್ ಇನ್ನೊಂದಕ್ಕಿಂತ ಸುಮಾರು 15 ಸೆಂಟಿಮೀಟರ್ ದೂರ. ಆಗ 1100 ಹರ್ಟ್ಸ್ ಆಸುಪಾಸಿನಲ್ಲಿ ಎರಡರ ಅಲೆಗಳೂ ತದ್ವಿರುದ್ಧವಾಗಿ ಬಂದು ಒಂದನ್ನೊಂದು ಅಳಿಸುತ್ತವೆ. 3300ರ ಹತ್ತಿರ ಮತ್ತೆ ಅದೇ ಕಥೆ. ಮಾತು ಸ್ಪಷ್ಟವಾಗಿ ಕೇಳಲು ಬೇಕಾದ ಜಾಗವೇ ಅದು. ಸ, ಶ, ತ ಎಲ್ಲ ಮಸುಕು.

ರಿಸೀವರಿನ ಸೆಟ್ಟಿಂಗ್‌ನಿಂದ ಇದು ಸರಿಹೋಗುವುದಿಲ್ಲ. ಎರಡೂ ಒಂದೇ ಚಾನೆಲ್‌ನಲ್ಲಿವೆ, ಒಂದಕ್ಕೆ ಮಾತ್ರ ಡಿಲೇ (ದನಿಯನ್ನು ತುಸು ತಡ ಮಾಡುವುದು) ಕೊಡಲು ಬರುವುದಿಲ್ಲ. ಕೊಡಲು ಬಂದರೂ ಒಂದು ಸೀಟಿಗೆ ಸರಿಯಾದರೆ ಇನ್ನೊಂದಕ್ಕೆ ಕೆಡುತ್ತದೆ. ಮನೆಯವರೆಲ್ಲ ನಡುವೆಯೇ ಕೂರಲಿಕ್ಕೆ ಆಗ್ತದಾ?

ಇನ್ನು ಓಮ್ ಲೆಕ್ಕ. ಓಮ್ ಕಡಿಮೆಯಾದಷ್ಟೂ ರಿಸೀವರಿಗೆ ಹೊರೆ ಜಾಸ್ತಿ. 8 ಓಮಿನ ಎರಡು ಪ್ಯಾರಲಲ್ ಆದರೆ 4 ಓಮ್. ನನ್ನ ರಿಸೀವರಿನ ಹಿಂದೆ ಕನಿಷ್ಠ 6 ಅಂತ ಅಚ್ಚಾಗಿದೆ. ಕೈಯಿಟ್ಟರೆ ಚುರುಕ್ಕೆನ್ನುವಷ್ಟು ಬಿಸಿಯಾಯಿತು.

ಸೀರೀಸ್ ಮಾಡಿದರೆ, ಅಂದರೆ ಒಂದರ ಬೆನ್ನಿಗೆ ಇನ್ನೊಂದನ್ನು ಜೋಡಿಸಿದರೆ, 16 ಓಮ್, ರಿಸೀವರ್ ಸುರಕ್ಷಿತ. ಆದರೆ ಒಂದೊಂದಕ್ಕೆ ಸಿಗುವುದು ಅರ್ಧ ವೋಲ್ಟೇಜ್. ಎರಡೂ ಸೇರಿ ಹೆಚ್ಚುಕಮ್ಮಿ ಒಂದೇ ಸ್ಪೀಕರಿನಷ್ಟು ಸದ್ದು. ಬಲಕ್ಕೆ ಅಂತ ಜೋಡಿಸಿದ್ದು ಸುಮ್ನೆ.

ಟಿವಿಯ ಮೇಲೊಂದು ಕೆಳಗೊಂದು ಇಡುವುದು ಪಕ್ಕ ಪಕ್ಕಕ್ಕಿಂತ ಎಷ್ಟೋ ವಾಸಿ. ಮಾತು ಪರದೆಯ ನಡುವಿನಿಂದಲೇ ಬಂದ ಹಾಗಿರುತ್ತದೆ. ಕಿವಿ ಪರದೆಯ ನಡುಮಟ್ಟಕ್ಕಿದ್ದರೆ ಸೋಫಾದ ಯಾವ ತುದಿಯಲ್ಲೂ ಒಂದೇ ರೀತಿ. ಆದರೆ ನಮ್ಮಮ್ಮ ನೆಲದ ಮೇಲೆ ಕಾಲು ಚಾಚಿ, ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುತ್ತಾ ಕೇಳುವವರು. ಅವರ ಕಿವಿ ಕೆಳಗಿನದಕ್ಕೇ ಹತ್ತಿರ. "ದನಿ ಎಂತ, ಶೀತ ಆದವರ ಹಾಗೆ?" ಅಂದರು. ತಾಳಮದ್ದಲೆಯನ್ನು ನನಗಿಂತ ಜಾಸ್ತಿ ಕೇಳುವವರು ಅವರು.

ಸೆಂಟರೇ ಬೇಡ, ಎಡಬಲ ಸಾಕು ಅನ್ನುವುದು ನಡುವೆ ಒಬ್ಬರೇ ಕೂರುವ ಮನೆಗೆ.

ಈಗ ಒಂದೇ ಸ್ಪೀಕರ್. ಟಿವಿಯನ್ನು ಒಂದು ಮೊಳ ಮೇಲಕ್ಕೆ ಏರಿಸಬೇಕಾಯಿತು, ಅದೊಂದೇ ಕಿರಿಕಿರಿ. ಸೆಂಟರ್ ಲೆವೆಲ್ 3 ಡೆಸಿಬೆಲ್ ಏರಿಸಿ, 80 ಹರ್ಟ್ಸ್‌ಗಿಂತ ಕೆಳಗಿನದನ್ನು ಸಬ್‌ವೂಫರ್‌ಗೆ (ತಗ್ಗು ದನಿಯ ಸ್ಪೀಕರ್) ಬಿಟ್ಟೆ. ಸೆಂಟರ್ ಸ್ಪೀಕರಿನ ಮೂತಿಯನ್ನು ಸ್ವಲ್ಪ ಮೇಲಕ್ಕೆತ್ತಿ ಅಡಿಗೆ ರಬ್ಬರ್ ತುಂಡು ಕೊಟ್ಟೆ. ಮಳೆಗೂ ಮಾತು ಕೇಳುತ್ತದೆ, ನೆಲದಲ್ಲಿ ಕೂತವರಿಗೂ ಕೇಳುತ್ತದೆ.

ಜೋಡಿಯಲ್ಲಿ ಉಳಿದದ್ದನ್ನು ಸಿಲಿಕಾ ಜೆಲ್ ಹಾಕಿ ಡಬ್ಬದಲ್ಲಿಟ್ಟಿದ್ದೇನೆ, ನಮ್ಮ ಊರಿನ ಹವೆಗೆ ಬೂಸ್ಟು ಹಿಡಿಯುತ್ತದೆ. ಒಂಟಿ ಸ್ಪೀಕರ್ ಕೊಡುವ ಅಂಗಡಿ ಸಿಕ್ಕಿದರೆ ನೀವು ಒಂದನ್ನೇ ತನ್ನಿ.