ಮೇರಿ ಮಾರ್ಸ್ಟನ್‌ಗಾಗಿ ಯಾವ ಪುಸ್ತಕ: ಅಗ್ಗದ ಸಮಗ್ರವೋ, ಟಿಪ್ಪಣಿ ಸಂಪುಟವೋ, ಮೊಬೈಲಿನ ಪಠ್ಯವೋ?

ನನ್ನ ಆಯ್ಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಲೆಸ್ಲಿ ಕ್ಲಿಂಗರ್ ಟಿಪ್ಪಣಿ ಬರೆದ ಷರ್ಲಾಕ್ ಹೋಮ್ಸ್ ಸಂಪುಟಗಳು ಮೂರಿವೆ. ಅವುಗಳಲ್ಲಿ ಮೂರನೆಯದನ್ನು ಮಾತ್ರ ಕೊಂಡು, ಸಣ್ಣಕಥೆಗಳನ್ನು ಹಳೆಯ ಪುಸ್ತಕಗಳ ಜಾಲತಾಣವಾದ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನ ಉಚಿತ ಪಠ್ಯದಲ್ಲಿ ಓದಿಕೊಳ್ಳುವುದು. ಹೋಮ್ಸ್‌ಗಾಗಿ ಓದುವವರಿಗೆ ಯಾವ ಪುಸ್ತಕವಾದರೂ ನಡೆಯುತ್ತದೆ. ಆತನ ಗೆಳೆಯ, ಕಥೆ ಹೇಳುವ ವಾಟ್ಸನ್‌ನ ಹೆಂಡತಿ ಮೇರಿಗಾಗಿ ಓದುವವರಿಗೆ ಹಾಗಲ್ಲ. ಆಕೆ ‘ದ ಸೈನ್ ಆಫ್ ಫೋರ್’ ಕಾದಂಬರಿಯಲ್ಲಿ ಪೂರ್ತಿ ಕಾಣಿಸಿಕೊಳ್ಳುತ್ತಾಳೆ, ಆಮೇಲೆ ಕಥೆ ಕಥೆಗೂ ಒಂದೊಂದು ಸಾಲಾಗಿ ಚದುರಿಹೋಗುತ್ತಾಳೆ. ಆ ಸಾಲುಗಳನ್ನು ಹೆಕ್ಕಿಕೊಳ್ಳಲು ಯಾವ ಪುಸ್ತಕ ನೆರವಾಗುತ್ತದೆ ಎಂಬುದಷ್ಟೇ ಇಲ್ಲಿನ ಅಳತೆಗೋಲು.

ಮಕ್ಕಳಿಗೆಂದು ಸಂಕ್ಷೇಪಿಸಿದ ಪುಸ್ತಕಗಳನ್ನು ಕೊಳ್ಳುವ ಮುನ್ನ ಮೂರು ಜಾಗ ತೆರೆದು ನೋಡಿ. ಆ ಕಾದಂಬರಿಯ 7ನೇ ಅಧ್ಯಾಯದಲ್ಲಿ ಆಕೆ ಬಂಡಿಯೊಳಗೆ ಕುಳಿತ ಮೇಲಷ್ಟೇ ಅಳುತ್ತಾಳೆ, ಅಲ್ಲಿಯವರೆಗೆ ಮನೆಗೆಲಸದ ಹೆಂಗಸಿಗೆ ಧೈರ್ಯ ಹೇಳುತ್ತಿದ್ದವಳು. 11ರಲ್ಲಿ ನಿಧಿಯ ಪೆಟ್ಟಿಗೆ ಖಾಲಿ ಎಂದು ಗೊತ್ತಾದಾಗ ವಾಟ್ಸನ್ ದೇವರಿಗೆ ಕೃತಜ್ಞತೆ ಹೇಳುತ್ತಾನೆ. 12ರಲ್ಲಿ, ಅಪ್ಪನ ಕಾಗದಗಳ ನಡುವಿಂದ ಆಗ್ರಾದ ನಕ್ಷೆಯನ್ನೇ ಆರಿಸಿ ಜೋಪಾನ ಮಾಡಿದ್ದಕ್ಕೆ ಹೋಮ್ಸ್ ಆಕೆಯ ಪತ್ತೇದಾರಿ ಬುದ್ಧಿಯನ್ನು ಮೆಚ್ಚುತ್ತಾನೆ. ಈ ಮೂರರಲ್ಲಿ ಒಂದು ಕತ್ತರಿಸಿ ಹೋಗಿದ್ದರೂ ಉಳಿಯುವುದು ಮುತ್ತು ತಂದುಕೊಟ್ಟ ಕಕ್ಷಿದಾರಳು, ಮೇರಿ ಅಲ್ಲ.

ಅಗ್ಗದ ಒಂದೇ ಸಂಪುಟದ ಸಮಗ್ರ ಎರಡನೇ ಸ್ಥಾನಕ್ಕೆ ಅರ್ಹ. ಕಾದಂಬರಿಯಿಂದ ಕಥೆಗೆ, ಕಥೆಯಿಂದ ಕಾದಂಬರಿಗೆ ಪುಟ ತಿರುವಿದರೆ ಸಾಕು, ಇನ್ನೊಂದು ಪುಸ್ತಕ ಹುಡುಕಬೇಕಿಲ್ಲ. ತೆಳು ಕಾಗದ, ಒತ್ತಿ ಗೀಟು ಹಾಕಿದರೆ ಹಿಂದಿನ ಪುಟಕ್ಕೆ ಮೂಡುತ್ತದೆ. ಮೆದು ಪೆನ್ಸಿಲ್ ಇಟ್ಟುಕೊಳ್ಳಿ.

ನಿಜವಾದ ತೊಡಕು ಇಸವಿಗಳದ್ದು. ಟಿಪ್ಪಣಿ ಇಲ್ಲದ ಯಾವ ಪುಸ್ತಕವೂ ಇದನ್ನು ದಾಟಿಸುವುದಿಲ್ಲ.

ಮೇರಿಯ ಅಪ್ಪ ಕ್ಯಾಪ್ಟನ್ ಮಾರ್ಸ್ಟನ್ ಕಣ್ಮರೆಯಾದದ್ದು 1878ರ ಡಿಸೆಂಬರ್ 3ರಂದು. ಆಗ ಆಕೆಗೆ 17 ಎಂದು ಲೆಕ್ಕ ಹಾಕುವ ವಾಟ್ಸನ್, ಈಗ 27 ಇರಬೇಕು ಅನ್ನುತ್ತಾನೆ. ಅಂದರೆ ಕಥೆ ನಡೆಯುವುದು 1888ರಲ್ಲಿ. ಆದರೆ ಕಳಿಸಿದವರ ಹೆಸರಿಲ್ಲದೆ ಅಂಚೆಯಲ್ಲಿ ಆಕೆಗೆ ಮೊದಲ ಮುತ್ತು ಬಂದದ್ದು ಆಕೆಯ ವಿಳಾಸ ಕೇಳಿದ 1882ರ ಮೇ 4ರ ಜಾಹೀರಾತಿನ ಹಿಂದೆಯೇ, ಆಮೇಲೆ ಪ್ರತಿ ವರ್ಷ ಅದೇ ದಿನ ಒಂದೊಂದು. ಆಕೆ ಹೋಮ್ಸ್‌ಗೆ ತೋರಿಸುವುದು ಆರು ಮುತ್ತು. ಬೆರಳು ಮಡಿಸಿ ಎಣಿಸಿ: ಆರನೆಯದು 1887ಕ್ಕೆ ಬೀಳುತ್ತದೆ, 1888 ಆಗಿದ್ದರೆ ಏಳಿರಬೇಕಿತ್ತು. ತಿಂಗಳೂ ಕೂಡಿ ಬರುವುದಿಲ್ಲ. 2ನೇ ಅಧ್ಯಾಯದಲ್ಲಿ ಆಕೆಗೆ ಬಂದ ಕಾಗದದ ತಾರೀಖು ಜುಲೈ 7. ಅದೇ ದಿನ ಸಂಜೆ ಲೈಸಿಯಂ ಥಿಯೇಟರಿಗೆ ಹೊರಟಾಗ, 3ನೇ ಅಧ್ಯಾಯದಲ್ಲಿ, ಅದು ಸೆಪ್ಟೆಂಬರ್ ಸಂಜೆ.

ಪುಸ್ತಕ ವಾಪಸ್ ಕಳಿಸುವ ಮುನ್ನ ಇದು ತಿಳಿದಿರಲಿ: ಇದು ಅಚ್ಚುಮನೆಯ ತಪ್ಪಲ್ಲ. ಕಾದಂಬರಿ ಲಿಪಿನ್‌ಕಾಟ್ಸ್ ಪತ್ರಿಕೆಯ 1890ರ ಫೆಬ್ರವರಿ ಸಂಚಿಕೆಯಲ್ಲಿ ಬಂದ ಮೇಲೆ ಅದನ್ನು ಬರೆದ ಕಾನನ್ ಡಾಯ್ಲ್ ಅವರೇ ಈ ಜುಲೈ–ಸೆಪ್ಟೆಂಬರ್ ಎಡವಟ್ಟನ್ನು ಕಂಡು, ಪುಸ್ತಕ ಮಾಡುವಾಗ ತಿದ್ದಬೇಕೆಂದು ಸಂಪಾದಕರಿಗೆ ಬರೆದಿದ್ದರು. ಅದು ತಿದ್ದುಪಡಿಯಾಗಲೇ ಇಲ್ಲ.

ಸಣ್ಣಕಥೆಗಳಿಗೆ ಬಂದರೆ ಗಂಟು ಇನ್ನೂ ಬಿಗಿಯುತ್ತದೆ. ‘ಎ ಸ್ಕ್ಯಾಂಡಲ್ ಇನ್ ಬೊಹೀಮಿಯಾ’ ನಡೆಯುವುದು 1888ರ ಮಾರ್ಚ್ 20ರಂದು, ವಾಟ್ಸನ್‌ಗೆ ಆಗಲೇ ಮದುವೆಯಾಗಿದೆ. ‘ದ ಫೈವ್ ಆರೆಂಜ್ ಪಿಪ್ಸ್’ 1887ರ ಸೆಪ್ಟೆಂಬರ್ ಕೊನೆಯದು, ಅಲ್ಲೂ ಹೆಂಡತಿ ಇದ್ದಾಳೆ. ಸಾಲದ್ದಕ್ಕೆ ‘ಸೈನ್ ಆಫ್ ಫೋರ್’ ಪ್ರಕರಣ ಮುಗಿದದ್ದೆಂಬ ಮಾತೂ ಆ ಕಥೆಯಲ್ಲಿ ಬರುತ್ತದೆ. ಈ ಕಥೆಯಲ್ಲೇ ನನಗೆ ಎಲ್ಲಕ್ಕಿಂತ ಮುಖ್ಯವಾದ ಸಾಲಿರುವುದು. ಹೆಂಡತಿ ಊರಲ್ಲಿಲ್ಲ, ಅದಕ್ಕೆ ವಾಟ್ಸನ್ ಕೆಲವು ದಿನ ಹೋಮ್ಸ್ ಇರುವ ಬೇಕರ್ ಸ್ಟ್ರೀಟಿಗೆ ಮರಳಿದ್ದಾನೆ. ಆಕೆ ಹೋಗಿರುವುದು ಎಲ್ಲಿಗೆ? ಕೆಲವು ಮುದ್ರಣಗಳಲ್ಲಿ ಅಮ್ಮನ ಮನೆಗೆ, ಕೆಲವದರಲ್ಲಿ ಅತ್ತೆಯೋ ಚಿಕ್ಕಮ್ಮನೋ ಆಗಬಹುದಾದ ‘ಆಂಟ್’ ಮನೆಗೆ. ತನ್ನ ತಾಯಿ ತೀರಿಕೊಂಡಿದ್ದಳು ಎಂದು ಮೇರಿ ಕಾದಂಬರಿಯಲ್ಲಿ ಹೇಳಿದ್ದರಿಂದ ಈ ತಿದ್ದುಪಡಿ. ಆದರೆ ಅದೇ ವಾಕ್ಯದಲ್ಲಿ, ಇಂಗ್ಲೆಂಡಿನಲ್ಲಿ ತನಗೆ ಬಂಧುಗಳೇ ಇರಲಿಲ್ಲ ಎಂದೂ ಹೇಳಿದ್ದಾಳೆ. ಹಾಗಾಗಿ ಆಂಟ್ ಬಂದರೂ ಸಮಸ್ಯೆ ಬಗೆಹರಿಯದು. ಕನ್ನಡದಲ್ಲಿ ‘ತವರಿಗೆ ಹೋಗಿದ್ದಳು’ ಎಂದುಬಿಟ್ಟರೆ ಅರ್ಧ ಮುಚ್ಚಿಹೋಗುತ್ತದೆ. ತಾಯಿ ಇಲ್ಲದ ತವರೂ ತವರೇ. ಮೇರಿಗೆ ಅದೂ ಇರಲಿಲ್ಲವಲ್ಲ.

ಅಂಗಡಿಯಲ್ಲಿ ಯಾವ ಸಮಗ್ರ ಸಿಕ್ಕರೂ ಮೊದಲು ಈ ಕಥೆಯ ಆರಂಭ ತೆರೆದು ಅಮ್ಮನೋ ಆಂಟೋ ನೋಡಿ. ಕೈಲಿರುವ ಪಠ್ಯ ತಿದ್ದಿದ್ದೋ ಅಲ್ಲವೋ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ. ಗುಟೆನ್‌ಬರ್ಗ್ ಪಠ್ಯದಲ್ಲಿರುವುದು ಅಮ್ಮ.

ಕ್ಲಿಂಗರ್ ಸಂಪುಟದಲ್ಲಿ ಟಿಪ್ಪಣಿಗಳು ಪಠ್ಯದ ಪಕ್ಕದಲ್ಲೇ ಇವೆ. ಮುತ್ತಿನ ಲೆಕ್ಕ ಓದುತ್ತಿರುವಾಗಲೇ ಕಣ್ಣು ಪಕ್ಕಕ್ಕೆ ಸರಿದರೆ ಸಾಕು. ಆಕ್ಸ್‌ಫರ್ಡ್ 1993ರಲ್ಲಿ ತಂದ ಒಂಬತ್ತು ಸಂಪುಟಗಳ ಆವೃತ್ತಿ ವಿದ್ವತ್ತಿನಲ್ಲಿ ಕಡಿಮೆಯಲ್ಲ, ಕೈಗೂ ಹಗುರ. ಆದರೆ ಟಿಪ್ಪಣಿ ಕೊನೆಯಲ್ಲಿ. ಎರಡು ಬುಕ್‌ಮಾರ್ಕ್ ಇಟ್ಟು ಹಿಂದೆ ಮುಂದೆ ಓಡಾಡುವುದು ಇಂಥ ಲೆಕ್ಕಾಚಾರದ ಓದಿಗೆ ಒಗ್ಗುವುದಿಲ್ಲ. ಒಂದು ಎಚ್ಚರಿಕೆ: ಕ್ಲಿಂಗರ್ ಅವರು ಹೋಮ್ಸ್, ವಾಟ್ಸನ್ ನಿಜವಾಗಿ ಬದುಕಿದ್ದರು ಎಂಬ ನೆಲೆಯಲ್ಲಿ ಬರೆಯುತ್ತಾರೆ. ಅದು ಒಗ್ಗದವರಿಗೆ ಆಕ್ಸ್‌ಫರ್ಡೇ ಸರಿ.

ಮೂರೂ ಸಂಪುಟ ಏಕೆ ಬೇಡ? ನಾಲ್ಕು ಕಾದಂಬರಿಗಳು ಮೂರನೆಯದರಲ್ಲಿವೆ, ಮದುವೆಯ ನಂತರದ ಕಥೆಗಳು ಮೊದಲನೆಯದರಲ್ಲಿ, ಮೇರಿಯ ಸಾವಿನ ಸೂಚನೆ ಇರುವ ‘ದಿ ಎಂಪ್ಟಿ ಹೌಸ್’ ಎರಡನೆಯದರಲ್ಲಿ. ಆ ಸಾವೂ ಒಂದೇ ಸಾಲು, ಕಾರಣವಿಲ್ಲ, ಹೆಸರೂ ಇಲ್ಲ. ಒಂದೊಂದು ಸಾಲಿಗಾಗಿ ಇನ್ನೆರಡು ದಪ್ಪ ಸಂಪುಟಗಳಿಗೆ ದುಡ್ಡು ಸುರಿಯುವ ಅಗತ್ಯ ನನಗೆ ಕಾಣುವುದಿಲ್ಲ.

ಆ ಸಾಲುಗಳಿಗೆ ಮೊಬೈಲ್ ಸಾಕು. ಅವಿರುವುದು ಮೂರು ಕಥಾಸಂಕಲನಗಳಲ್ಲಿ. ಗುಟೆನ್‌ಬರ್ಗ್‌ನಲ್ಲಿ ‘ಅಡ್ವೆಂಚರ್ಸ್’ ಸಂಖ್ಯೆ 1661, ‘ಮೆಮಾಯರ್ಸ್’ 834, ‘ರಿಟರ್ನ್’ 108. ಈಪಬ್ ಫೈಲನ್ನೇ ಇಳಿಸಿಕೊಳ್ಳಿ. ಸಾದಾ ಟೆಕ್ಸ್ಟ್ ಫೈಲಿನಲ್ಲಿ ಪ್ರತಿ ಸಾಲೂ ಕಡಿದಿರುವುದರಿಂದ ‘ಮೈ’ ಒಂದು ಸಾಲಿನ ಕೊನೆಗೆ, ‘ವೈಫ್’ ಮುಂದಿನ ಸಾಲಿಗೆ ಬಿದ್ದು ಹುಡುಕಾಟಕ್ಕೆ ಸಿಗದೆ ಹೋಗುತ್ತದೆ. ಹುಡುಕಬೇಕಾದದ್ದೂ ‘ಮೈ ವೈಫ್’ ಎಂದೇ. ‘ಮೇರಿ’ ಎಂದರೆ ಬೊಹೀಮಿಯಾ ಕಥೆಯಲ್ಲಿ ಸಿಗುವವಳು ಮನೆಗೆಲಸದ ಮೇರಿ ಜೇನ್, ‘ಬೆರಿಲ್ ಕೊರೊನೆಟ್’ನಲ್ಲಿ ಮೇರಿ ಹೋಲ್ಡರ್. ‘ಮೆಮಾಯರ್ಸ್’ನಲ್ಲಿ ‘ದ ಯೆಲ್ಲೋ ಫೇಸ್’ ಬಿಟ್ಟು ಮುಂದೆ ಹೋಗಿ. ಅಲ್ಲಿ ಗ್ರ್ಯಾಂಟ್ ಮನ್ರೋ ಹೇಳಿಕೊಳ್ಳುವುದು ತನ್ನ ಹೆಂಡತಿಯ ವಿಷಯ.

ಆಡಿಯೋ ಪುಸ್ತಕ ಕಿವಿಗೆ ಹಿತ. ಹುಡುಕಲು, ತಾಳೆ ನೋಡಲು ಆಗದು.

ಹುಡುಕಿದ್ದರಲ್ಲಿ ನಿಧಾನವಾಗಿ ಓದಬೇಕಾದದ್ದು ‘ದ ಮ್ಯಾನ್ ವಿತ್ ದ ಟ್ವಿಸ್ಟೆಡ್ ಲಿಪ್’, 1889ರ ಜೂನ್. ಆಕೆ ಅಲ್ಲಿ ಗಂಡ ಜಾನ್‌ನನ್ನು ಜೇಮ್ಸ್ ಎಂದು ಕರೆಯುತ್ತಾಳೆ. ಜಾನ್ ಎಚ್. ವಾಟ್ಸನ್‌ನ ‘ಎಚ್’ ಎಂದರೆ ಹಾಮಿಶ್, ಅದು ಜೇಮ್ಸ್‌ನ ಸ್ಕಾಟಿಷ್ ರೂಪ ಎಂದು ಪತ್ತೇದಾರಿ ಕಾದಂಬರಿಗಾರ್ತಿ ಡೊರೊತಿ ಸೇಯರ್ಸ್ ಸೂಚಿಸಿದ್ದು ಇದಕ್ಕೇ. ಆ ಸಾಲಿಗಿಂತ ಸ್ವಲ್ಪ ಮೊದಲು, ಮೊದಲ ಆಕಳಿಕೆ ಬಂದು ಗಡಿಯಾರದತ್ತ ಕಣ್ಣು ಹಾಯುವ ಹೊತ್ತಿಗೆ, ಮೇರಿಯ ಗೆಳತಿ ಕೇಟ್ ವಿಟ್ನಿ ಬಂದು ಆಕೆಯ ಹೆಗಲಿಗೊರಗಿ ಅತ್ತಿರುತ್ತಾಳೆ. ದುಃಖದಲ್ಲಿರುವವರು ದೀಪಸ್ತಂಭಕ್ಕೆ ಹಕ್ಕಿಗಳು ಬಂದಂತೆ ನನ್ನ ಹೆಂಡತಿಯ ಬಳಿ ಬರುತ್ತಿದ್ದರು ಎಂದು ವಾಟ್ಸನ್ ಬರೆಯುತ್ತಾನೆ. ಹೊಲಿಗೆಯನ್ನು ಮಡಿಲಿಗಿಟ್ಟ ಮೇರಿ ಆಕೆಯನ್ನು ಕೂರಿಸಿ, ವೈನ್‌ಗೆ ನೀರು ಬೆರೆಸಿ ಕುಡಿಯಲು ಹೇಳುತ್ತಾಳೆ.