ಅಂಬಾಲಾದ ಮೈಕ್ರೋಸ್ಕೋಪ್, ಮಲೆನಾಡಿನ ಮಳೆ: ಐದಾರು ವರ್ಷಗಳ ಬಳಕೆಯ ನಂತರ

ಕಾಲೇಜು ಪ್ರಯೋಗಾಲಯಗಳಿಗೆಂದು ಹರಿಯಾಣದ ಅಂಬಾಲಾದಲ್ಲಿ ತಯಾರಾಗುವ ಸಾಧಾರಣ ಮೈಕ್ರೋಸ್ಕೋಪ್ ಇದು. ಕೊಂಡಾಗ ಬೆಲೆ ಹತ್ತು ಸಾವಿರದೊಳಗಿತ್ತು. ಸಾಗರದ ನಮ್ಮ ಮನೆಯಲ್ಲಿ ಕಿಟಕಿ ಪಕ್ಕದ ಮೇಜು ಇದರದೇ.

ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ‘1000 ಪಟ್ಟು’ ಎಂದು ಅಚ್ಚು ಹಾಕಿದ್ದಾರೆ. ಆ ಅಂಕಿಗೆ ಮರುಳಾಗಬೇಡಿ. ಸಾವಿರ ಪಟ್ಟು ಸಿಗುವುದು ಸ್ಲೈಡಿನ ಪಕ್ಕದ 100ರ (ನೂರು ಪಟ್ಟು ಹಿಗ್ಗಿಸುವ) ಮಸೂರಕ್ಕೆ ಎಣ್ಣೆ ಹಾಕಿ, ಕಣ್ಣಿನ ಬಳಿಯ ಹತ್ತು ಪಟ್ಟಿನ ಮಸೂರದ ಮೂಲಕ ನೋಡಿದಾಗ. ಮೊಸರಿನ ಬ್ಯಾಕ್ಟೀರಿಯಾ ನೋಡಿಯೇ ತೀರುತ್ತೇನೆ ಎಂಬ ಹಟವಿದ್ದವರಿಗೆ ಅದು ಸರಿ. ಆಮೇಲೆ ಎಣ್ಣೆ ಒರೆಸುವ ಗೋಳು ನೆನೆದು ನಾನು ಅದರ ತಂಟೆಗೆ ಹೋಗುವುದು ಅಪರೂಪ. ಕೊಟ್ಟ ಹಣ ಸಾರ್ಥಕವಾದದ್ದು 10 ಮತ್ತು 40ರ ಮಸೂರಗಳಿಂದ.

ಮಳೆಗಾಲದಲ್ಲಿ ಹೆಂಚಿನ ಮೇಲೆ ಬೆಳೆಯುವ ಹಾವಸೆಯನ್ನು ಒಂದು ಚಿಟಿಕೆ ಕಿತ್ತು, ಕೆಲವು ಗಂಟೆ ನೀರಿನಲ್ಲಿ ನೆನೆಸಿ, ಹಿಂಡಿ, ಒಂದು ಹನಿಯನ್ನು ಸ್ಲೈಡಿಗೆ ಹಾಕಿ. ಮೊದಲು ಸಿಗುವವು ರೋಟಿಫರ್‌ಗಳೆಂಬ ಸೂಕ್ಷ್ಮ ಜಲಜೀವಿಗಳು. ತಲೆಯ ಮೇಲೆ ಎರಡು ಚಕ್ರಗಳು ಗಿರಗಿರನೆ ತಿರುಗುತ್ತಿರುವಂತೆ ಕಾಣುತ್ತದೆ. ಅಲ್ಲಿ ಚಕ್ರವೂ ಇಲ್ಲ, ತಿರುಗುವುದೂ ಇಲ್ಲ. ಸಾಲಾಗಿರುವ ರೋಮಗಳು ಒಂದರ ಹಿಂದೊಂದು ಬಾಗುತ್ತವೆ, ಅಷ್ಟೇ. ಮೈಯೊಳಗೆ ಪುಟ್ಟ ದವಡೆ ಅಗಿಯುತ್ತಲೇ ಇರುತ್ತದೆ. ಅದೃಷ್ಟವಿದ್ದರೆ ಎಂಟು ಕಾಲಿನ ನೀರುಕರಡಿಯೂ ಸಿಕ್ಕೀತು. ಗಾಜಿನ ಮೇಲೆ ಹಿಡಿತ ಸಿಗದೆ ಅದು ಕಾಲು ಬಡಿಯುವುದನ್ನು ನೋಡುತ್ತ ಕುಳಿತರೆ ಒಲೆಯ ಮೇಲಿನ ಹಾಲು ಉಕ್ಕಿದ್ದೂ ತಿಳಿಯುವುದಿಲ್ಲ.

ಇವೆಲ್ಲ ಬಹುತೇಕ ಪಾರದರ್ಶಕ ಜೀವಿಗಳು. ಸ್ಲೈಡಿನ ಮೇಲೆ ಬೆಳಕನ್ನು ಒಟ್ಟುಗೂಡಿಸುವ ಮಸೂರವಾದ ಕಂಡೆನ್ಸರ್‌ನ ಕೆಳಗೆ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಕಿಂಡಿ, ಅಂದರೆ ಐರಿಸ್, ಪೂರ್ತಿ ತೆರೆದಿದ್ದರೆ ಬರೀ ಬಿಳಿ ಬಯಲು. ಅರ್ಧ ಮುಚ್ಚಿದರೆ ಅಂಚುಗಳು ಎದ್ದು ಬರುತ್ತವೆ. ತೀರಾ ಮುಚ್ಚಿದರೆ ಸೂಕ್ಷ್ಮ ವಿವರಗಳು ಅಳಿಸಿಹೋಗುತ್ತವೆ. ಫಿಲ್ಟರ್ ಇಡುವ ಜಾಗದ ನಡುವೆ ಕಪ್ಪು ಕಾಗದದ ಬಿಲ್ಲೆ ಇಟ್ಟು 10ರ ಮಸೂರದಲ್ಲಿ ನೋಡಿ: ಕತ್ತಲ ಹಿನ್ನೆಲೆಯಲ್ಲಿ ಜೀವಿಗಳೇ ಬೆಳಗುತ್ತವೆ. ಐರಿಸ್ಸೂ ಕಂಡೆನ್ಸರೂ ಇಲ್ಲದ ಆಟಿಕೆ ಮೈಕ್ರೋಸ್ಕೋಪನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಕೊಳ್ಳಬೇಡಿ. ಅದಕ್ಕಿಂತ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದಲ್ಲಿ ಮನು ಪ್ರಕಾಶ್ ಅವರ ತಂಡ ರೂಪಿಸಿದ ಕಾಗದದ ಫೋಲ್ಡ್‌ಸ್ಕೋಪ್ ವಾಸಿ. 140 ಪಟ್ಟು ತೋರಿಸುತ್ತದೆ, ತೋಟಕ್ಕೂ ಒಯ್ಯಬಹುದು.

ಇನ್ನು ದೂರುಗಳು. ವರ್ಷ ಕಳೆಯುವುದರೊಳಗೆ ಸ್ಟೇಜ್ (ಸ್ಲೈಡ್ ಇಡುವ ತಟ್ಟೆ) ತಾನಾಗಿಯೇ ಕೆಳಗಿಳಿಯತೊಡಗಿತು. ಫೋಕಸ್ ಗುಂಡಿಯ ಪಕ್ಕದ ಉಂಗುರವನ್ನು ಬಿಗಿ ಮಾಡಿದರೆ ಸರಿಹೋಗುತ್ತದೆ. ಕೈಪಿಡಿಯಲ್ಲಿ ಮಾತ್ರ ಇದರ ಬಗ್ಗೆ ಒಂದಕ್ಷರವಿಲ್ಲ. ಜೊತೆಗೆ ಬಂದ ಮರದ ಪೆಟ್ಟಿಗೆ ನಮ್ಮ ಕಡೆಯ ಆಷಾಢಕ್ಕೆ ಹೇಳಿ ಮಾಡಿಸಿದ್ದಲ್ಲ. ತೇವ ಹಿಡಿದು, 40ರ ಮಸೂರದೊಳಗೆ ಜೇಡರ ಬಲೆಯಂತೆ ಬೂಷ್ಟು ಹಬ್ಬಿತು. ಈಗ ಮಸೂರಗಳೆಲ್ಲ ಸಿಲಿಕಾ ಜೆಲ್ ಪೊಟ್ಟಣಗಳ ಸಮೇತ ಗಾಳಿಯಾಡದ ಡಬ್ಬಿಯಲ್ಲಿರುತ್ತವೆ.

ಕೊಳ್ಳುವಾಗ ಮಸೂರದ ಮೈಮೇಲೆ 160/0.17 ಎಂದು ಕೆತ್ತಿದೆಯೇ ನೋಡಿ. 160 ಮಿಲಿಮೀಟರ್ ಎಂಬುದು ಕೊಳವೆಯ ಉದ್ದ, 0.17 ಮಿಲಿಮೀಟರ್ ಸ್ಲೈಡಿನ ಹನಿಯ ಮೇಲೆ ಮುಚ್ಚುವ ತೆಳು ಗಾಜಿನ, ಅಂದರೆ ಕವರ್ ಸ್ಲಿಪ್ಪಿನ, ದಪ್ಪ. ತಿರುಪೂ ಸಾಮಾನ್ಯ ಅಳತೆಯದೇ ಎಂದು ಅಂಗಡಿಯವರನ್ನು ಕೇಳಿಕೊಳ್ಳಿ. ಬೂಷ್ಟು ಹಿಡಿದ ಮಸೂರದ ಜಾಗದಲ್ಲಿ ನಾನು ಹಾಕಿರುವುದು ಬೇರೆ ತಯಾರಕರದ್ದು. ಸಲೀಸಾಗಿ ಕೂತಿತು, ಮೊದಲಿನದಕ್ಕಿಂತ ಚೆನ್ನಾಗಿಯೇ ಕಾಣಿಸುತ್ತಿದೆ.